ಮಗ್ಗುಲಲ್ಲಿ ಬಿದ್ದ ಸಾವಿರ ಜನ

ಉಡುಪಿ, ದಕ್ಷಿಣ ಕನ್ನಡದ ನಮ್ಮ ಕ್ರೈಸ್ತ ಕುಟುಂಬಗಳಿಂದ ಇಸ್ರೇಲ್‌ಗೆ ಕೇರ್‌ಗಿವರ್ ಕೆಲಸಕ್ಕೆ ಹೋದವರು ತುಂಬಾ ಮಂದಿ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಅಲ್ಲಿಂದ ರಜೆಗೆ ಬಂದು, ಸಲಹೆಗೆಂದು ನನ್ನ ಎದುರು ಕೂತವರಲ್ಲಿ ಈಕೆ ಮೂರನೆಯವಳು. ಮೂವರ ಬಾಯಲ್ಲೂ ಬೈಬಲಿನ 91ನೇ ಕೀರ್ತನೆ ಬಂತು, ದೇವರು ಆಪತ್ತಿನಿಂದ ಕಾಯುತ್ತಾನೆ ಅನ್ನುವ ಪ್ರಾರ್ಥನೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯೂ ಇದೆ.

ವಯಸ್ಸು ನಲವತ್ತರ ಆಸುಪಾಸು. ಟೆಲ್ ಅವೀವ್ ಹತ್ತಿರ ತೊಂಬತ್ತು ದಾಟಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಾಳೆ. ಹಳೇ ಕಟ್ಟಡ, ಮೂರನೇ ಮಹಡಿ. ಈಚಿನ ಮನೆಗಳಲ್ಲಿ 'ಮಾಮಾದ್' ಅಂತ ಗಟ್ಟಿ ಕಾಂಕ್ರೀಟಿನ ಕೋಣೆ ಇರುತ್ತದೆ, ಇಲ್ಲಿ ಇಲ್ಲ. ಸೈರನ್ ಕೂಗಿದ ಮೇಲೆ ಆ ಭಾಗದಲ್ಲಿ ಸಿಗುವುದು 90 ಸೆಕೆಂಡ್. ಅಷ್ಟರಲ್ಲಿ ಗಾಲಿಕುರ್ಚಿಯ ಅಜ್ಜಿಯನ್ನು ಕೆಳಗಿನ ಶೆಲ್ಟರ್‌ಗೆ ಇಳಿಸುವುದು ಆಗದ ಮಾತು. 2025ರ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳು ಬರುತ್ತಿದ್ದ ಆ ಹನ್ನೆರಡು ದಿನ, ಪ್ರತಿ ಸಲವೂ ಇಬ್ಬರೂ ಮೆಟ್ಟಿಲ ಬಳಿ ಗೋಡೆಗೆ ಒರಗಿ ಕೂತರು. ಭಾರತ ಸರ್ಕಾರ 'ಆಪರೇಷನ್ ಸಿಂಧು' ಅಂತ ವಾಪಸ್ ಕರೆತರುವ ವ್ಯವಸ್ಥೆ ಮಾಡಿತ್ತು. ಈಕೆ ಬರಲಿಲ್ಲ. ಅಜ್ಜಿಯನ್ನು ಎತ್ತುವವರು ಬೇರೆ ಇರಲಿಲ್ಲ, ಊರಲ್ಲಿ ಮನೆ ಸಾಲ ಇತ್ತು.

ಊರಿಂದ ಅಮ್ಮನ ವಾಯ್ಸ್ ಮೆಸೇಜ್ ತಪ್ಪದೆ ಬರುತ್ತಿತ್ತು: "91 ಹೇಳಿದ್ದೇನೆ, ನಿನಗೇನೂ ಆಗುವುದಿಲ್ಲ."

ನನ್ನ ಹತ್ತಿರ ಕರೆತಂದವರೂ ಅಮ್ಮನೇ. "ದೇವರು ಉಳಿಸಿದ್ದಾನೆ ಟೀಚರ್. ಇವಳು ನೋಡಿದರೆ ಇಗರ್ಜಿಗೇ ಬರುವುದಿಲ್ಲ." ದೇವರು ಹೇಗೆ ಉಳಿಸಿದ ಅಂತ ಎಲ್ಲರೆದುರು ಸಾಕ್ಷಿ ಹೇಳಲು ಪ್ರಾರ್ಥನಾ ಕೂಟದವರು ಕರೆದಿದ್ದರಂತೆ, ತಪ್ಪಿಸಿಕೊಂಡಿದ್ದಳು. ಕುಕ್ಕರ್ ಕೂಗಿದರೆ ಬಚ್ಚಲಿಗೆ ಓಡುತ್ತಾಳೆ. ನಿದ್ದೆ ಇಲ್ಲ.

ಮೊದಲ ಸಲ ನಾನು ನಿದ್ದೆ, ಉಸಿರಾಟ ಅಂತಲೇ ಒಂದು ಗಂಟೆ ಕಳೆದೆ. ಅದು ತಪ್ಪಲ್ಲ, ಆದರೆ ನೋವಿದ್ದ ಜಾಗ ಅದಲ್ಲ. ಎರಡನೇ ಸಲ ಅಮ್ಮನನ್ನು ಹೊರಗೆ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ. ಸಾಕ್ಷಿ ಹೇಳಲು ನಿಂತರೆ ಯಾವ ಮಾತಿನ ಹತ್ತಿರ ಗಂಟಲು ಕಟ್ಟುತ್ತದೆ?

ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಮಗ್ಗುಲಲ್ಲಿ ಸಾವಿರ ಜನ ಬಿದ್ದರೂ ನಿನಗೆ ತಾಗದು ಅಂತ ಬರ್ತದಲ್ಲ ಟೀಚರ್, ಅಲ್ಲಿ. ಎರಡು ಬೀದಿ ಆಚೆ ಬಿತ್ತು. ನನಗೆ ದಿನಾ ಬ್ರೆಡ್ ತೆಗೆದಿಡುತ್ತಿದ್ದ ಅಂಗಡಿಯವಳು ಹೋದಳು. ಅವಳೂ ಅದೇ ಕೀರ್ತನೆ ಹೇಳುವವಳು, ಅವರ ಭಾಷೆಯಲ್ಲಿ. ಅದು ಮೊದಲು ಯಹೂದಿಗಳದೇ ಅಲ್ವಾ? ಆ ಕಡೆ ಗಾಜಾದಲ್ಲಿ ಸೈರನ್ನೂ ಇಲ್ಲ, ಶೆಲ್ಟರೂ ಇಲ್ಲ. ಮಗ್ಗುಲಲ್ಲಿ ಬಿದ್ದವರು ಅಂದರೆ ಇವರೆಲ್ಲ. ಇವರ ಲೆಕ್ಕ ಬಿಟ್ಟು ನಾನು ಬದುಕಿದೆ ಅಂತ ಹೇಗೆ ಹಾಡಲಿ?"

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ, ಇದೆ ಅಂತ ನಟಿಸಲೂ ಇಲ್ಲ. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ಕೈಗೆ ಕೊಟ್ಟೆ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ ಸೈತಾನ ಹೇಳುತ್ತಾನೆ: ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಬರೆದಿದೆ. ಎಲ್ಲಿ ಬರೆದಿದೆ? ಇದೇ 91ರಲ್ಲಿ.

"ಸೈತಾನನಿಗೂ ಬಾಯಿಪಾಠ ಇತ್ತಾ?" ಅಂತ ನಕ್ಕಳು. ನಾನು ನೋಡಿದ ಮೊದಲ ನಗು.

ಯೇಸು ಧುಮುಕಲಿಲ್ಲ. ಶಿಲುಬೆಯ ಮೇಲೆ ಆತನ ಬಾಯಿಂದ ಬಂದದ್ದು 91 ಅಲ್ಲ, 22. ನನ್ನ ದೇವರೇ, ಯಾಕೆ ಕೈಬಿಟ್ಟೆ ಅನ್ನುವ ಕೀರ್ತನೆ. ಅದರ ಪಕ್ಕದಲ್ಲೇ 23, ಕುರುಬನ ಕೀರ್ತನೆ. ಅದನ್ನು ನಿಧಾನ ಓದಿಸಿದೆ. ಹಸಿರು ಹುಲ್ಲು, ತಿಳಿನೀರು ಇರುವ ತನಕ ಅಲ್ಲಿ ದೇವರು 'ಆತನು'. ಕತ್ತಲ ಕಣಿವೆ ಬಂದ ಕೂಡಲೇ 'ನೀನು'. ಕಣಿವೆ ಇರುವುದಿಲ್ಲ ಅಂತ ಅಲ್ಲಿ ಎಲ್ಲೂ ಹೇಳಿಲ್ಲ. ಆಕೆ ಆ ಜಾಗದಲ್ಲಿ ಬೆರಳಿಟ್ಟುಕೊಂಡು ಕೂತಳು. "ಮೆಟ್ಟಿಲ ಹತ್ತಿರ ಅಜ್ಜಿ ನನ್ನ ಕೈ ಬಿಡುತ್ತಿರಲಿಲ್ಲ" ಅಂದಳು.

ನಾನು ಕೊಟ್ಟ ಸಲಹೆ ಇಷ್ಟು. 91 ಸದ್ಯ ಪಕ್ಕಕ್ಕಿರಲಿ, ಬಿಟ್ಟೆ ಅಂತ ಪಾಪಭಯ ಬೇಡ. ಸಾಕ್ಷಿ ಹೇಳಲೇಬೇಕು ಅಂತಿಲ್ಲ. ಅಂಗಡಿಯವಳ ಹೆಸರಲ್ಲಿ ಇಗರ್ಜಿಯಲ್ಲಿ ಒಂದು ಪೂಜೆ ಹೇಳಿಸಿ. ಕುಕ್ಕರ್ ಸದ್ದಿಗೆ ಮೈ ಓಡುವುದು ವಿಶ್ವಾಸದ ಕೊರತೆಯಲ್ಲ, ಅದಕ್ಕೆ ಚಿಕಿತ್ಸೆ ಇದೆ ಅಂತ ಮನೋವೈದ್ಯರ ಹತ್ತಿರ ಕಳಿಸಿದೆ. ವಾಪಸ್ ಹೋಗುವ ವಿಚಾರ ದೇವರ ತಲೆಗೆ ಕಟ್ಟದೆ ಸಾಲ, ಸಂಬಳ, ಹೆದರಿಕೆ ಮೂರನ್ನೂ ಕಾಗದದಲ್ಲಿ ಬರೆದು ತಾನೇ ತೀರ್ಮಾನಿಸಲಿ ಅಂದೆ. ಹೋದರೆ ವಿಶ್ವಾಸಿ, ಉಳಿದರೆ ಹೇಡಿ ಅಂತೇನಿಲ್ಲ.

ಕೂಟದ ಹಿರಿಯರೊಬ್ಬರು ಆಮೇಲೆ ಸಿಕ್ಕಿ, ನೀವು ವಿಶ್ವಾಸ ಸಡಿಲ ಮಾಡ್ತೀರಿ ಅಂದರು. ಬೈಬಲ್ ನಂಬದವರು ಬಂದರೆ ನಾನು ಬೈಬಲ್ ತೆಗೆಯುವುದೇ ಇಲ್ಲ. ಇವಳು ನಂಬುವವಳು, ನಾನೂ ನಂಬುವವಳು. ಆದರೆ ಕೀರ್ತನೆಯನ್ನು ವಿಮಾ ಪಾಲಿಸಿ ಮಾಡಿ ಮಕ್ಕಳ ಕೈಗೆ ಕೊಟ್ಟು ಕಳಿಸಿದವರು ನಾವೇ. ಪಕ್ಕದ ಮನೆಗೆ ಬಾಂಬ್ ಬಿದ್ದ ದಿನ ಆ ಪಾಲಿಸಿ ಹರಿಯುತ್ತದೆ, ಜೊತೆಗೆ ದೇವರೂ ಹೋಗುತ್ತಾನೆ. ಹಿರಿಯರು ಒಪ್ಪಲಿಲ್ಲ. ಇರಲಿ.

ಅಮ್ಮನಿಗೆ ಮಾತ್ರ ನಾನು 91 ಬಿಡಿ ಅನ್ನಲಿಲ್ಲ. ಎಪ್ಪತ್ತು ದಾಟಿದ ಜೀವ, ಇಷ್ಟು ದೂರದಲ್ಲಿ ಅವರ ಕೈಯಲ್ಲಿ ಬೇರೆ ಏನಿದೆ? ಸೈರನ್ ಆದಾಗೆಲ್ಲ ಮೆಸೇಜ್ ಬೇಡ, ರಾತ್ರಿ ಒಂದು ಸಲ ಮಾತಾಡಿ ಅಂದೆ, ಅಷ್ಟೇ.

ಮೂರು ತಿಂಗಳ ನಂತರ ಆಕೆ ವಾಪಸ್ ಹೋದಳು. ಕಳಿಸಿದ್ದು ಸರಿಯಾ ಅಂತ ಸುದ್ದಿ ನೋಡಿದಾಗೆಲ್ಲ ನನಗೆ ಅಳುಕು. ಕಳೆದ ತಿಂಗಳು ಅಮ್ಮ ಇಗರ್ಜಿ ಮೆಟ್ಟಿಲಲ್ಲಿ ಸಿಕ್ಕಿದರು. ನನ್ನ ಮೇಲೆ ಸ್ವಲ್ಪ ಮುನಿಸು ಇನ್ನೂ ಇದೆ. ಹೋಗುವ ಮುಂಚೆ ತಿರುಗಿ ಕೇಳಿದರು: "ಟೀಚರ್, ಆ ಅಜ್ಜಿಯ ಹೆಸರು ಹೇಳಲಿಕ್ಕೆ ನಾಲಿಗೆ ಹೊರಳುವುದಿಲ್ಲ. ತೇರ್ಸ್ ಜಪಮಾಲೆ ಹೇಳುವಾಗ ಸುಮ್ನೆ 'ಅಜ್ಜಿ' ಅಂದರೆ ನಡೀತದಾ?"