ಅತ್ತರು ಹಚ್ಚಿದ ಒಂದು ಗಂಟೆಗೇ ವಾಸನೆ ಹೋಗಿಬಿಡುತ್ತದೆ, ಇಡೀ ದಿನ ನಿಲ್ಲುವ ಅತ್ತರು ಯಾವುದು?

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿ ನಗು ಬಂತು, ಹಿಂದೆಯೇ ಸ್ವಲ್ಪ ಗಾಬರಿಯೂ ಆಯಿತು. "ಹೋದ ಹಾಗೆಲ್ಲ ಮತ್ತೆ ಹಚ್ಚಿಕೊಂಡರೆ ತೊಂದರೆ ಇಲ್ಲ ಅಲ್ವಾ?" ಅಂತ ಕೇಳಿದ್ದೀರಿ. ಇದೆ. ಅದನ್ನೇ ಮಾಡಿ ನಾನು ಒಂದು ಕೆಲಸ ಕಳೆದುಕೊಂಡವನು.

ಆಗ ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಪ್ಪಿಂಗ್ ಕಲಿಯುತ್ತಿದ್ದೆ. ತೋಟಗಳಿಂದ ಬಂದ ಲಾಟ್‌ಗಳ ಸ್ಯಾಂಪಲ್ ಹುರಿದು, ಪುಡಿ ಮಾಡಿ, ಬಿಸಿನೀರು ಹೊಯ್ದು, ಮೂಸಿ, ಚಮಚದಲ್ಲಿ ಸೊರ್ರೆಂದು ಹೀರಿ ಅಂಕ ಹಾಕುವ ಕೆಲಸ. ಮೂಗು, ನಾಲಿಗೆ ಎರಡೇ ಬಂಡವಾಳ. ಅಂಥವನಿಗೆ ಅತ್ತರಿನ ಹುಚ್ಚು ಹತ್ತಿತು.

ಹತ್ತಿಸಿದ್ದು ಬೆಂಗಳೂರಿನ ಶಿವಾಜಿನಗರ. ರಸೆಲ್ ಮಾರುಕಟ್ಟೆ ಹತ್ತಿರದ ಗಲ್ಲಿಯೊಂದರಲ್ಲಿ ಪುಟ್ಟ ಅಂಗಡಿ. ಅಲ್ಲಿದ್ದ ಹಿರಿಯರು ಗಾಜಿನ ಕಡ್ಡಿಯಿಂದ ನನ್ನ ಮುಂಗೈ ಮೇಲೆ ಒಂದು ಗೆರೆ ಎಳೆದು "ಮಿಟ್ಟಿ" ಅಂದರು. ಮೊದಲ ಮಳೆ ಬಿದ್ದ ಮಣ್ಣು! ಮಲೆನಾಡಿನವನಿಗೆ ಮಳೆಮಣ್ಣನ್ನು ದುಡ್ಡು ಕೊಟ್ಟು ಕೊಳ್ಳುವ ಗ್ರಹಚಾರ ಯಾಕೆ ಅಂತ ನಮ್ಮಮ್ಮನೂ ಬೈದಿದ್ದರು. ಆದರೆ ನಮ್ಮ ಕಡೆ ಆ ವಾಸನೆ ಸಿಗುವುದು ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಮಾತ್ರ. ಜೂನ್ ಹಿಡಿದರೆ ಆಯಿತು, ಬರೀ ಪಾಚಿ, ಕೊಳೆತ ಎಲೆ, ಒಣಗದ ಬಟ್ಟೆ.

ಈ ಮಿಟ್ಟಿ ಅತ್ತರನ್ನು ಮಾಡುವುದು ಉತ್ತರ ಪ್ರದೇಶದ ಕನೌಜ್‌ನಲ್ಲಿ. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಡೇಗ್ ಅನ್ನುವ ತಾಮ್ರದ ಹಂಡೆಗೆ ತುಂಬಿ, ನೀರು ಹಾಕಿ, ಬಾಯಿಗೆ ಜೇಡಿಮಣ್ಣು ಮೆತ್ತಿ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು ತಣ್ಣೀರಲ್ಲಿ ಕೂತಿರುವ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ಅದಕ್ಕೆ ಭಪ್ಕಾ ಅನ್ನುತ್ತಾರೆ. ಭಪ್ಕಾದೊಳಗೆ ಮೊದಲೇ ಗಂಧದೆಣ್ಣೆ ಇರುತ್ತದೆ, ಮಣ್ಣಿನ ವಾಸನೆಯನ್ನು ಅದು ಹೀರಿಕೊಳ್ಳುತ್ತದೆ. ಅಂದರೆ ಹಳೆಯ ಕ್ರಮದ ಅತ್ತರಿನಲ್ಲಿ ನಿಮ್ಮ ಚರ್ಮದ ಮೇಲೆ ಕೂರುವುದು ಗಂಧ. ಮಣ್ಣೋ, ಗುಲಾಬಿಯೋ, ಕೇದಗೆಯೋ ಅದರ ಹೆಗಲೇರಿ ಬರುತ್ತದೆ.

ಹಚ್ಚಿಕೊಂಡ ಮೊದಲ ಹತ್ತು ನಿಮಿಷ ಹೊಸ ಮಡಕೆಗೆ ನೀರು ಹಾಕಿದಾಗಿನ ವಾಸನೆ. ಒಣ, ಸುಟ್ಟ, ಸ್ವಲ್ಪ ಗಂಟಲಿಗೆ ಹಿಡಿಯುವಂಥದ್ದು. ಆಮೇಲೆ ಅಡಿಯಿಂದ ಗಂಧ ಮೆಲ್ಲಗೆ ಮೇಲೆ ಬರುತ್ತದೆ, ಮಣ್ಣು ಮೆತ್ತಗಾಗುತ್ತದೆ. ಆ ಬದಲಾವಣೆ ಹಿಡಿಯಬೇಕು ಅಂತ ನಾನು ಮಣಿಕಟ್ಟನ್ನು ಮೂಗಿಗೆ ಒತ್ತಿಕೊಂಡೇ ಓಡಾಡುತ್ತಿದ್ದೆ. ಗಂಟೆ ಕಳೆಯುವುದರೊಳಗೆ ಏನೂ ಇಲ್ಲ. ಇನ್ನೊಂದು ಹನಿ. ಮಧ್ಯಾಹ್ನ ಮತ್ತೊಂದು. ಥೇಟ್ ನಿಮ್ಮ ಹಾಗೆ, ಅಂಗಡಿಯವರು ಕಲಬೆರಕೆ ಕೊಟ್ಟಿದ್ದಾರೆ ಅಂತ ಅನುಮಾನವೂ ಬಂತು.

ಇಲ್ಲಿ ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಾಸ್ತಿ ಹಚ್ಚಿದೆ ಅಂತಷ್ಟೇ ಹೇಳಿದರೆ ಪೂರ್ತಿ ಆಗುವುದಿಲ್ಲ. ನನ್ನ ಮೂಗಿಗೆ ಸಿಗಲಿಲ್ಲ ಅಂದರೆ ಅತ್ತರು ಅಲ್ಲಿಲ್ಲ ಅಂತ ತೀರ್ಮಾನ ಮಾಡಿದ್ದೆನಲ್ಲ, ಮೂಲ ಅಲ್ಲಿದೆ. ಬೇರೆಯವರಾಗಿದ್ದರೆ ಪಕ್ಕದವರನ್ನು ಒಂದು ಮಾತು ಕೇಳುತ್ತಿದ್ದರೇನೋ. ನಾನು ಮೂಗಿನ ಕೆಲಸ ಕಲಿಯುತ್ತಿದ್ದವನು. ನನ್ನ ಮೂಗಿನ ಮೇಲೆ ಇಲ್ಲದ ಅಹಂಕಾರ. ಯಾವ ವಾಸನೆಯೇ ಆಗಲಿ, ಬಿಡದೆ ಬರುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಅಡುಗೆಮನೆಯಲ್ಲಿ ನಿಂತವರಿಗೆ ಒಗ್ಗರಣೆ ಘಾಟು ಗೊತ್ತೇ ಆಗುವುದಿಲ್ಲ, ಬಾಗಿಲಲ್ಲಿ ಬಂದವರು ಕೆಮ್ಮುತ್ತಾರೆ, ಹಾಗೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಟೇಬಲ್ ಹತ್ತಿರ ಜಾಸ್ತಿ ಹೊತ್ತು ನಿಂತರೆ ಮೂಗು ಸೋಲುತ್ತದೆ, ನಡುನಡುವೆ ಹೊರಗೆ ಹೋಗಿ ಬನ್ನಿ ಅಂತ ಕಲಿಸಿದ್ದೇ ಅಲ್ಲಿ. ಕಾಫಿಗೆ ಅನ್ವಯಿಸಿದ ಬುದ್ಧಿಯನ್ನು ಅತ್ತರಿಗೆ ಅನ್ವಯಿಸಲಿಲ್ಲ, ಅಷ್ಟೆ.

ಇನ್ನೊಂದು ಇದೆ. ಪ್ರತಿಸಲ ಎಡಗೈ ಮಣಿಕಟ್ಟಿಗೇ ಹಚ್ಚುತ್ತಿದ್ದೆ. ಅದರ ಮೇಲೆ ಚರ್ಮದ ಬೆಲ್ಟಿನ ವಾಚು. ಕಪ್ಪಿಂಗ್ ಇದ್ದ ಬೆಳಿಗ್ಗೆ ಹಚ್ಚುತ್ತಿರಲಿಲ್ಲ, ಅಷ್ಟು ಬುದ್ಧಿ ಇತ್ತು. ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡು, ಪ್ರಾಮಾಣಿಕನಾಗಿ, ಅದೇ ವಾಚು ಕಟ್ಟಿಕೊಂಡು ಹೋಗುತ್ತಿದ್ದೆ! ಕನೌಜ್‌ನಲ್ಲಿ ಹೊಸ ಅತ್ತರನ್ನು ಕುಪ್ಪಿ ಅನ್ನುವ ಚರ್ಮದ ಬುದ್ದಲಿಯಲ್ಲಿ ತುಂಬಿಡುತ್ತಿದ್ದರಂತೆ. ಚರ್ಮದ ಮೂಲಕ ನೀರಿನಂಶ ಆರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ. ನನ್ನ ಕೈಗೆ ನಾನೇ ಒಂದು ಕುಪ್ಪಿ ಕಟ್ಟಿಕೊಂಡಿದ್ದೆ.

ಆ ದಿನ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿಯ ಸ್ಯಾಂಪಲ್‌ಗಳು. ಒಂದೊಂದಕ್ಕೂ ಐದೈದು ಬಟ್ಟಲು, ಬಟ್ಟಲಿಗೆ 8.25 ಗ್ರಾಂ ಪುಡಿ, 150 ಮಿಲಿ ನೀರು. ನೀರು ಹೊಯ್ದು ನಾಲ್ಕು ನಿಮಿಷಕ್ಕೆ ಪುಡಿ ಮೇಲೆ ಕೆನೆ ಕಟ್ಟಿ ನಿಲ್ಲುತ್ತದೆ. ಒಬ್ಬರು ಬಗ್ಗಿ ಅದನ್ನು ಚಮಚದಿಂದ ಒಡೆಯುತ್ತಾರೆ, ಆಗ ಏಳುವ ಘಮವನ್ನು ಎಲ್ಲರೂ ಮೂಸುತ್ತಾರೆ. ಒಡೆಯುವ ಪಾಳಿ ನನ್ನದು. ನಾನೋ ಎಡಚ. ಬಿಸಿ ಆವಿಯ ಮೇಲೆ ವಾಚಿನ ಬೆಲ್ಟು ಹಿಡಿದುಕೊಂಡೇ ಸಾಲಿನುದ್ದಕ್ಕೂ ಒಡೆದುಕೊಂಡು ಹೋದೆ.

ಅಂಕದ ಹಾಳೆ ನೋಡಿದರೆ ಎಲ್ಲರೂ "ಮಣ್ಣು" ಅಂತ ಬರೆದಿದ್ದಾರೆ. ನಾನೊಬ್ಬ "ಕ್ಲೀನ್".

ಕಾಫಿಯಲ್ಲಿ ಮಣ್ಣು ಅಂದರೆ ಹುಡುಗಾಟ ಅಲ್ಲ. ಮಣ್ಣಿನ ಕಣದಲ್ಲಿ ಒಣಗಿಸಿದ್ದಾರೆ, ಇಲ್ಲವೇ ಸರಿಯಾಗಿ ಒಣಗಿಸಿಲ್ಲ ಅಂತ ಅರ್ಥ. ಬೆಲೆ ಬೀಳುತ್ತದೆ. ನನಗೆ ಸಿಗುತ್ತಿಲ್ಲ ಅಂತ ನಾನು ವಾದ ಮಾಡಿದೆ. ಆವತ್ತು ಟೇಬಲ್ ಸುತ್ತ ಸರಿಯಾಗಿ ಹೇಳಿದವನು ನಾನೊಬ್ಬನೇ, ಕಾಫಿ ನಿಜಕ್ಕೂ ಚೆನ್ನಾಗಿತ್ತು. ಉಳಿದವರ ಮೂಗಿಗೆ ಸಿಕ್ಕ ಮಣ್ಣು ಮಾತ್ರ ನನ್ನದೇ. ಒದ್ದೆ ಮಣ್ಣಿನ ವಾಸನೆ ಕೊಡುವ ಜಿಯೋಸ್ಮಿನ್ ಅನ್ನುವ ವಸ್ತು ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯರ ಮೂಗು ಹಿಡಿಯುತ್ತದೆ ಅನ್ನುತ್ತಾರೆ. ಮಣ್ಣಿನ ವಿಷಯದಲ್ಲಿ ನಾವು ಅಷ್ಟು ಚುರುಕು. ಒಗ್ಗಿಹೋದ ನನ್ನ ಮೂಗು ಒಂದನ್ನು ಬಿಟ್ಟು.

ಅಷ್ಟರಲ್ಲಿ ಒಬ್ಬ ಬೆಳೆಗಾರರಿಗೆ ಫೋನ್ ಹೋಗಿತ್ತು. ಅವರು ಸಿಟ್ಟಾಗಿ ಬಂದೇಬಿಟ್ಟರು. "ನನ್ನ ಕಣ ಸಿಮೆಂಟಿನದು ಮಾರಾಯ್ರೆ, ಬೇಕಾದರೆ ಈಗಲೇ ಬಂದು ನೋಡಿ" ಅಂದರು. ನಮ್ಮ ಹಿರಿಯ ಟೇಸ್ಟರ್ ಮೇಡಂಗೆ ಮೊದಲೇ ಅನುಮಾನ ಇತ್ತು. ಬೇರೆ ಬೇರೆ ತೋಟದ ಕಾಫಿಯಲ್ಲಿ ಒಂದೇ ಮಣ್ಣು ಹೇಗೆ ಬರುತ್ತದೆ? ಬಟ್ಟಲು ಮೂಸಿದರು, ಗ್ರೈಂಡರ್ ಮೂಸಿದರು, ಕೆಟಲ್ ಮೂಸಿದರು. ಕೊನೆಗೆ ನನ್ನ ಹತ್ತಿರ ಬಂದು "ಕೈ ಕೊಡಪ್ಪಾ ಇಲ್ಲಿ" ಅಂದರು. ವಾಚು ಬಿಚ್ಚಿಸಿ ಬೆಲ್ಟಿನ ಒಳಮೈ ಮೂಸಿ, ಏನೂ ಹೇಳದೆ ಅದನ್ನು ಬೆಳೆಗಾರರ ಕೈಗೆ ಕೊಟ್ಟರು. ಅವರು ಮೂಸಿ, ನನ್ನ ಮುಖ ನೋಡಿ, "ಎಂಥ ಸೆಂಟೋ ಇದು, ಒಳ್ಳೇದುಂಟು" ಅಂದರು. ಅದು ಇನ್ನೂ ಕಷ್ಟವಾಯಿತು.

ಮರುದಿನ ನನ್ನನ್ನು ಹೊರಗಿಟ್ಟು ಮತ್ತೆ ಕಪ್ಪಿಂಗ್ ಮಾಡಿದರು, ಎಲ್ಲವೂ ಕ್ಲೀನ್. ನನಗೆ ಗೋಡೌನಿನಲ್ಲಿ ಮೂಟೆ ತೂಗಿ ತೇವಾಂಶ ಬರೆಯುವ ಕೆಲಸ ಕೊಟ್ಟರು. ಸೀಸನ್ ಮುಗಿದ ಮೇಲೆ ಬರುವುದು ಬೇಡ ಅಂದರು. ಸರಿಯಾಗಿಯೇ ಹೇಳಿದರು ಬಿಡಿ.

ಈಗ ನಿಮ್ಮ ಪ್ರಶ್ನೆ. ಇಡೀ ದಿನ ನಿಲ್ಲುವ ಅತ್ತರು ಯಾವುದು ಅಂತ ಕೇಳಿದ್ದೀರಿ. ನನ್ನ ಅನುಮಾನ, ನಿಮ್ಮ ಹತ್ತಿರ ಇರುವುದೇ ನಿಲ್ಲುತ್ತಿದೆ, ಹೊಸದು ಬೇಕಿಲ್ಲ. ಅತ್ತರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಸ್ಪ್ರೇ ಸೆಂಟಿನಲ್ಲಿ ಅದು ಬೇಗ ಆವಿಯಾಗುತ್ತಾ ವಾಸನೆಯನ್ನು ಕೋಣೆ ತುಂಬ ಹರಡುತ್ತದೆ. ಎಣ್ಣೆ ಹಾಗೆ ಹಾರುವುದಿಲ್ಲ, ಮೈಗೆ ಅಂಟಿಕೊಂಡು ನಿಧಾನವಾಗಿ ಬಿಡುತ್ತದೆ. ಸ್ಪ್ರೇಗೆ ಒಗ್ಗಿದವರಿಗೆ ಇದು ಸತ್ತುಹೋದ ಹಾಗೆ ಕಾಣುತ್ತದೆ. ಅತ್ತರು ಪಕ್ಕದಲ್ಲಿ ಕೂತವರಿಗೆ ಸಿಕ್ಕಿದರೆ ಸಾಕು. ಲಿಫ್ಟಿನಲ್ಲಿ ಇರುವವರಿಗೆಲ್ಲ ಗೊತ್ತಾಗಲಿ ಅನ್ನುವ ಆಸೆ ಇದ್ದರೆ ನಿಮಗೆ ಅತ್ತರು ಹೇಳಿದ್ದಲ್ಲ, ಸ್ಪ್ರೇ ತೆಗೆದುಕೊಳ್ಳಿ.

ಪರೀಕ್ಷೆ ಮಾಡುವುದು ಸುಲಭ. ಬೆಳಿಗ್ಗೆ ಕಿವಿಯ ಹಿಂದೆ ಒಂದೇ ಹನಿ. ಮಣಿಕಟ್ಟಿಗೆ ಬೇಡವೇ ಬೇಡ, ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಮಧ್ಯಾಹ್ನ ಹೊರಗಿನಿಂದ ಬಂದ ಒಬ್ಬರನ್ನು ಕೇಳಿ, ದಿನವಿಡೀ ಜೊತೆಗಿದ್ದವರನ್ನಲ್ಲ. ಅವರಿಗೂ ಸಿಗದಿದ್ದರೆ ಆಗ ಅತ್ತರನ್ನು ಬೈಯೋಣ. ಅಗ್ಗದ ಅತ್ತರುಗಳಲ್ಲಿ ಗಂಧದೆಣ್ಣೆಯ ಬದಲು ಪ್ಯಾರಾಫಿನ್ ಎಣ್ಣೆ ಇರುವುದೂ ಉಂಟು, ಅಂಥದ್ದು ಬೇಗ ಚಪ್ಪೆಯಾದರೆ ಆಶ್ಚರ್ಯವಿಲ್ಲ. ವಾರದಲ್ಲಿ ಕೆಲವು ದಿನ ಏನೂ ಹಚ್ಚಬೇಡಿ, ಅಥವಾ ಬೇರೆ ಅತ್ತರು ಹಚ್ಚಿ. ಬಿಟ್ಟು ಹಚ್ಚಿದಾಗ ಅದೇ ಶೀಶೆ ಎಷ್ಟು ಜೋರು ಅಂತ ನೀವೇ ನೋಡುತ್ತೀರಿ.

ಇನ್ನು, ಅಂಗಡಿಯಲ್ಲಿ ನಡುನಡುವೆ ಕಾಫಿ ಬೀಜ ಮೂಸಿದರೆ ಮೂಗು ಸರಿಹೋಗುತ್ತದೆ ಅಂದಿದ್ದೀರಿ. ಹೊಟ್ಟೆಪಾಡಿಗೆ ಕಾಫಿ ಮೂಸಿದವನಾಗಿ ಹೇಳುತ್ತೇನೆ, ಹುರಿದ ಕಾಫಿಯಲ್ಲೇ ನೂರಾರು ವಾಸನೆಗಳಿವೆ, ಅದು ಏನನ್ನು ತೊಳೆಯುತ್ತದೆ? ಪರೀಕ್ಷಿಸಿ ನೋಡಿದವರಿಗೂ ಬರೀ ಗಾಳಿಗಿಂತ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಸುಮ್ನೆ ಹೊರಗೆ ಹೋಗಿ ಹತ್ತು ನಿಮಿಷ ನಿಂತು ಬನ್ನಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮೊಣಕೈವರೆಗೆ ಗೆರೆ ಎಳೆಸಿಕೊಂಡು ಅಲ್ಲೇ ನಿಂತು ಕೊಳ್ಳುವವರನ್ನು ನೋಡಿದರೆ ನನಗೆ ಅಯ್ಯೋ ಅನಿಸುತ್ತದೆ. ಎರಡೇ ಹಚ್ಚಿಸಿಕೊಳ್ಳಿ, ಕೈಗೊಂದು. ಮನೆಗೆ ಹೋಗಿ. ರಾತ್ರಿ ಊಟದ ಹೊತ್ತಿಗೆ ಯಾವುದು ಉಳಿದಿದೆಯೋ, ಉಳಿದದ್ದು ಇಷ್ಟವಾಗುತ್ತದೋ ನೋಡಿ ಆಮೇಲೆ ಕೊಳ್ಳಿ.

ಯಾವುದು ಅಂತ ಹೆಸರು ಬೇಕೇ ಬೇಕು ಅಂದರೆ, ಲಾವಂಚ. ಅಂಗಡಿಯಲ್ಲಿ ರೂಹ್ ಖಸ್ ಅಂತ ಕೇಳಿ. ತಾಮ್ರದ ಹಂಡೆಯಲ್ಲಿ ಇಳಿಸಿದ್ದಕ್ಕೆ ಹಸಿರು ಛಾಯೆ ಇರುತ್ತದೆ, ಎಣ್ಣೆ ದಪ್ಪ, ಕಡ್ಡಿಯಿಂದ ಬೇಗ ಬೀಳುವುದಿಲ್ಲ. ಮೊದಲಿಗೆ ಕಹಿ. ಆಗಷ್ಟೇ ಕಿತ್ತ ಬೇರು, ಮಣ್ಣು, ಏನೋ ಹೊಗೆ. ಇಷ್ಟವಾಗದೆ ತೊಳೆದುಕೊಳ್ಳೋಣ ಅನಿಸುತ್ತದೆ. ಅರ್ಧ ಗಂಟೆ ತಡೆದುಕೊಂಡರೆ ಕಹಿ ಇಳಿದು, ನೀರಿನ ಕೊಡಕ್ಕೆ ಲಾವಂಚ ಹಾಕಿಟ್ಟಾಗಿನ ಆ ತಂಪು ಬರುತ್ತದೆ. ಬೆವರಿನ ಜೊತೆ ಇದು ಜಗಳ ಆಡುವುದಿಲ್ಲ, ಬೆವರಿದಷ್ಟೂ ಚೆನ್ನಾಗಿ ಏಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ಬೇರೇನೂ ಮುಟ್ಟುವುದಿಲ್ಲ.

ಶುದ್ಧ ಗಂಧದೆಣ್ಣೆಯೂ ದಿನಪೂರ್ತಿ ನಿಲ್ಲುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಮರ ಸಾಗಿಸುವುದು ನಿಂತಾಗ, 1916ರ ಸುಮಾರಿಗೆ ಮೈಸೂರು ಸಂಸ್ಥಾನ ತಾನೇ ಇಳಿಸಲು ಶುರು ಮಾಡಿದ ಎಣ್ಣೆ ಅದು. ಆದರೆ ಅದರ ಬೆಲೆ ಕೇಳಿ ಮೊದಲು ಕುರ್ಚಿ ಹಿಡಿದುಕೊಳ್ಳಿ. ಮತ್ತೆ, ಸಾಣೆಕಲ್ಲಿನ ಮೇಲೆ ತೇಯ್ದ ಗಂಧದಷ್ಟು ಜೋರು ನಿರೀಕ್ಷಿಸಬೇಡಿ. ಇದು ತಣ್ಣಗೆ, ಹಾಲಿನಷ್ಟು ಮೆತ್ತಗೆ ಇರುತ್ತದೆ. ಹಚ್ಚಿದ ತಕ್ಷಣ ಗಮ್ಮನೆ ಹೊಡೆದರೆ ನನಗಂತೂ ಅನುಮಾನ.

ಶಮಾಮಾ ಮಸಾಲೆ, ಗಿಡಮೂಲಿಕೆಗಳ ಅತ್ತರು, ಮಾರನೆಯ ದಿನದವರೆಗೂ ಇರುತ್ತದೆ. ಚಳಿಗೆ ಸರಿ, ಎಸಿ ಬಸ್ಸಿಗೆ ಬೇಡ. ನೀವು ಕೇಳಿರುವ ಮಲ್ಲಿಗೆ ಅತ್ತರು ನನಗೆ ಹಿಡಿಸಲಿಲ್ಲ. ದಂಡೆ ಮುಡಿದವರ ಪಕ್ಕ ನಿಂತಾಗಿನ ವಾಸನೆ ಅದರಲ್ಲಿ ಇಲ್ಲ, ಬಾಡಿದ ಹೂವಿನ ಕಡೆಯ ವಾಸನೆ ಮಾತ್ರ ಇದೆ. ಊದ್, ಅಂದರೆ ಅಗರು ಮರದ ಎಣ್ಣೆ, ಮೊದಲ ಸಲಕ್ಕೇ ಬೇಡ. ಕಡಿಮೆ ಬೆಲೆಗೆ ಸಿಗುವುದು ಮರದಿಂದ ಬಂದದ್ದೇ ಅಲ್ಲ, ಅಂಗಿ ಒಗೆದರೂ ಬಿಡುವುದಿಲ್ಲ.

ನಿಂಬೆ, ಕಿತ್ತಳೆ ಜಾತಿಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಕೆಲವಕ್ಕೆ ಚರ್ಮ ಸುಟ್ಟು ಕಲೆ ಆಗುತ್ತದೆ. ರೇಷ್ಮೆ ಬಟ್ಟೆಗೂ ತಾಗಿಸಬೇಡಿ. ಆ ಬೆಲ್ಟು ಈಗಲೂ ಬೀರುವಿನಲ್ಲಿದೆ, ಕಂಬಳಿ ಮಡಿಸುವಾಗ ಹೆಂಡತಿ ಒಂದೊಂದು ಸಲ "ಮಳೆ ಬಂತಾ?" ಅಂತಾಳೆ. ನನಗಿನ್ನೂ ಸಿಗುವುದು ಅಷ್ಟಕ್ಕಷ್ಟೇ. ನೀವು ಕೊಂಡದ್ದು ಯಾವ ಅತ್ತರು, ಎಷ್ಟಕ್ಕೆ ಅಂತ ಬರೆದಿಲ್ಲ. ಬರೆದರೆ ಒಳಗೆ ಏನಿರಬಹುದು ಅಂತ ಅಂದಾಜು ಹೇಳುತ್ತೇನೆ.