ಮಾವನ ನಾಯಿಮರಿ, ಗಂಡನ ಭಯ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಅತ್ತೆ ತೀರಿಕೊಂಡು ವರ್ಷವಾಯಿತು. ಆಗಿನಿಂದ ಮಾವ ಜಗಲಿ ಬಿಟ್ಟು ಏಳುತ್ತಿರಲಿಲ್ಲ, ಊಟವೂ ಅಷ್ಟಕ್ಕಷ್ಟೆ. ಹದಿನೈದು ದಿನದ ಹಿಂದೆ ಯಾರೋ ಗೇಟಿನ ಬಳಿ ಒಂದು ಹೆಣ್ಣು ನಾಯಿಮರಿ ಬಿಟ್ಟುಹೋದರು. ಮಾವ ಅದಕ್ಕೆ ಹಾಲು ಹಾಕಿದರು. ಈಗ ಬೆಳಗ್ಗೆ ಐದೂವರೆಗೇ ಎದ್ದು ಅದರ ಜೊತೆ ತೋಟ ಸುತ್ತುತ್ತಾರೆ, ನಾಲ್ಕು ಮಾತಾಡುತ್ತಾರೆ. ಆದರೆ ನಮ್ಮ ಯಜಮಾನರು ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವರು. "ನಾಲ್ಕು ವರ್ಷದ ಮಗು ಇರೋ ಮನೆ, ಎಲ್ಲಾದ್ರೂ ಬಿಟ್ಟು ಬರ್ತೀನಿ" ಅಂತಾರೆ. ನಾದಿನಿ ಬಂದಾಗಲೆಲ್ಲ ಮಡಿ-ಮೈಲಿಗೆ ಮಾತು. ನಾನು ಯಾರ ಕಡೆ ನಿಲ್ಲಲಿ?
— ಸೊಸೆ, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಮರಿ ಇರಲಿ. ಆದರೆ ಯಜಮಾನರದ್ದು ಹಟ ಅಂದುಕೊಳ್ಳಬೇಡಿ. ಅವರ ಭಯಕ್ಕೆ ಕಾರಣವಿದೆ. ಆ ಹೊಕ್ಕಳ ಸುತ್ತಿನ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದದ್ದು, 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ. ಇದನ್ನು ಅವರಿಗೆ ಹೇಳಿ, ಆದರೆ ವಾದ ಮಾಡಲು ಹೋಗಬೇಡಿ. ಮಾತಿನಿಂದ ಹೋಗುವ ಭಯ ಇದಲ್ಲ. ಮರಿಯ ಲಸಿಕೆ ಕಾರ್ಡನ್ನು ಅವರ ಕೈಯಲ್ಲೇ ಇಡಿ, ಮುಂದಿನ ಡೋಸ್ ಯಾವಾಗ ಅಂತ ಅವರೇ ನೋಡಿಕೊಳ್ಳಲಿ. ಹೆದರುವವರಷ್ಟು ತಾರೀಖು ತಪ್ಪದವರು ಬೇರೆ ಯಾರೂ ಇಲ್ಲ.

ನಾಳೆಯೇ ಮರಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ತೂಕ ನೋಡಿ ಜಂತುಹುಳದ ಔಷಧ ಕೊಡುತ್ತಾರೆ. ಆ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಮಗು ಮಣ್ಣಲ್ಲಿ ಆಡುವ ಮನೆಯಲ್ಲಿ ಇದನ್ನು ತಪ್ಪಿಸಲೇಬಾರದು, ನಾಯಿಯ ಮಲದಲ್ಲಿರುವ ಹುಳದ ಮೊಟ್ಟೆ ಮಗುವಿನ ಹೊಟ್ಟೆಗೂ ಸೇರುತ್ತದೆ. ಮರಿಗಳ ಜೀವ ತೆಗೆಯುವ ಪಾರ್ವೋ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳನ್ನು ತಡೆಯುವ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಹದಿನಾರು ವಾರದವರೆಗೆ ಮೂರು-ನಾಲ್ಕು ವಾರಕ್ಕೊಂದು ಡೋಸ್. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ತಿಂಗಳ ಬಳಿಕ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಈ ಡೋಸುಗಳು ಮುಗಿಯುವ ತನಕ ಮರಿ ನಿಮ್ಮ ಬೇಲಿಯೊಳಗೇ ಇರಲಿ. ಬೀದಿನಾಯಿಗಳ ಮಲದಿಂದ ಬರುವ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ವಾಂತಿ, ರಕ್ತಭೇದಿ ಕಂಡರೆ ಮರುದಿನಕ್ಕೆ ಅಂತ ಕಾಯಬೇಡಿ.

ಈ ಹದಿನೈದು ದಿನದಲ್ಲಿ ಮರಿಯ ಹಲ್ಲು ಅಥವಾ ಉಗುರು ತಾಗಿ ಮಗುವಿಗಾಗಲಿ ಮಾವನವರಿಗಾಗಲಿ ಗೀರು ಬಿದ್ದಿದೆಯೇ? ಬಿದ್ದಿದ್ದರೆ ಇವತ್ತೇ ವೈದ್ಯರಿಗೆ ತೋರಿಸಿ. 'ಮರಿ ತಾನೇ' ಎಂಬ ಮಾತು ರೇಬೀಸಿಗೆ ನಡೆಯುವುದಿಲ್ಲ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಮರಿ ಇದು. ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಕಾಫಿಪುಡಿ ಏನೂ ಮೆತ್ತಬಾರದು. ಮಕ್ಕಳು ಬೈತಾರೆ ಅಂತ ಗೀರನ್ನು ಮುಚ್ಚಿಡುತ್ತವೆ, ಸ್ನಾನ ಮಾಡಿಸುವಾಗ ಕೈಕಾಲು ನೋಡುತ್ತಿರಿ.

ನಾಲ್ಕು ವರ್ಷದ ಮಗುವನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಬಿಡಬೇಡಿ, ಎಷ್ಟೇ ಸಾಧು ನಾಯಿಯಾದರೂ ಸರಿ. ತಿನ್ನುವಾಗ, ಮಲಗಿದ್ದಾಗ ಮುಟ್ಟಬಾರದು, ಕುತ್ತಿಗೆ ತಬ್ಬಬಾರದು, ಇಷ್ಟು ಮಗುವಿಗೆ ರೂಢಿಯಾಗಲಿ. ನಾಲ್ಕರಿಂದ ಆರು ತಿಂಗಳಲ್ಲಿ ಮರಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ಆಗ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅನೇಕ ಮನೆಗಳಲ್ಲಿ ಯಡವಟ್ಟಾಗುವುದು ಇಲ್ಲೇ: ಮರಿ ಬೆರಳು ಕಚ್ಚಿದರೆ ನಗುತ್ತಾರೆ, ಅದು ಆಟ ಅಂದುಕೊಳ್ಳುತ್ತದೆ, ವರ್ಷದ ನಾಯಿ ಅದನ್ನೇ ಮಾಡಿದಾಗ ಕೋಲು ತರುತ್ತಾರೆ. ಕಚ್ಚಿದ ತಕ್ಷಣ ಆಟ ನಿಲ್ಲಿಸಿ ಎದ್ದು ಹೋಗಿ. ಮನೆಯವರೆಲ್ಲ ಹೀಗೇ ಮಾಡಿದರೆ ಕಲಿಯುತ್ತದೆ.

ಊಟಕ್ಕೆ ಹಾಲಿನ ಮೇಲೇ ಇಡಬೇಡಿ, ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ತರುತ್ತದೆ. ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಹಾಕಬಹುದು, ಆದರೆ ಬರೀ ಮುದ್ದೆ ಸಾಲದು. ದಿನಕ್ಕೊಂದು ಬೇಯಿಸಿದ ಮೊಟ್ಟೆ, ಸಾಧ್ಯವಾದರೆ ಮೂಳೆಯಿಲ್ಲದ ಕೋಳಿ ಸೇರಿಸಿ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಸ್ವಲ್ಪ ಸ್ವಲ್ಪ. ಉಳಿದ ಸಾರು ಸುರಿಯುವುದು ಬೇಡ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ನಿಮ್ಮದು ದ್ರಾಕ್ಷಿ ತೋಟವಾದ್ದರಿಂದ ಇದನ್ನು ಒತ್ತಿ ಹೇಳಬೇಕು. ದ್ರಾಕ್ಷಿ ನಾಯಿಗೆ ವಿಷ. ಬೆಂಗಳೂರು ಬ್ಲೂ ಆಗಲಿ, ದಿಲ್‌ಖುಷ್ ಆಗಲಿ, ಒಣದ್ರಾಕ್ಷಿಯಾಗಲಿ, ಕಿಡ್ನಿ ಕೆಡಿಸಬಲ್ಲದು. ಎಷ್ಟು ತಿಂದರೆ ಅಪಾಯ ಅನ್ನುವ ಲೆಕ್ಕ ಪ್ರತಿ ನಾಯಿಗೂ ಬೇರೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎಂಬುದು ಈಗಿನ ಬಲವಾದ ಗುಮಾನಿ, ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ. ಕಟಾವಿನ ದಿನಗಳಲ್ಲಿ ಚಪ್ಪರದ ಕೆಳಗೆ ಉದುರಿದ ಹಣ್ಣು ಬಿದ್ದಿರುತ್ತದೆ, ಆಗ ಮರಿಯನ್ನು ಜಗಲಿಯಲ್ಲೇ ಕಟ್ಟಿ. ತಿಂದದ್ದು ಕಂಡರೆ ವಾಂತಿ ಶುರುವಾಗಲಿ ಅಂತ ಕಾಯದೆ ವೈದ್ಯರ ಬಳಿ ಓಡಿ. ಔಷಧಿ ಸಿಂಪಡಿಸಿದ ದಿನವೂ ಮರಿ ತೋಟಕ್ಕಿಳಿಯಬಾರದು, ಪಾದಕ್ಕಂಟಿದ್ದನ್ನು ನೆಕ್ಕಿಯೇ ತೀರುತ್ತದೆ.

ಹೆಣ್ಣು ಮರಿ ಅಂದಿದ್ದೀರಿ, ಬಿಟ್ಟುಹೋದವರ ಕಾರಣವೂ ಅದೇ ಇರಬೇಕು. ಆರು ತಿಂಗಳ ಸುಮಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ತಪ್ಪಿಸಿದರೆ ಬೆದೆಗೆ ಬಂದ ಮೂರು ವಾರ ಊರಿನ ಗಂಡುನಾಯಿಗಳೆಲ್ಲ ನಿಮ್ಮ ಗೇಟಲ್ಲಿ, ಆಮೇಲೆ ಅರವತ್ತಮೂರು ದಿನಕ್ಕೆ ಮನೆ ತುಂಬ ಮರಿ. ಆಗ ಯಜಮಾನರೇ ಗೆದ್ದರು ಅಂತ ಲೆಕ್ಕ.

ನಾದಿನಿಯ ವಿಷಯ ದೊಡ್ಡದಲ್ಲ. ನಾಯಿಗೆ ಜಗಲಿ, ಹಿತ್ತಲು. ದೇವರಮನೆ, ಅಡುಗೆಮನೆ ಇಲ್ಲ. ಮರಿಯಿಂದಲೇ ಹೊಸಲು ದಾಟಿಸದಿದ್ದರೆ ದೊಡ್ಡದಾದ ಮೇಲೂ ದಾಟುವುದಿಲ್ಲ.

ಇನ್ನು ಮಾವನವರು. ನಾಯಿ ಮತ್ತು ಅದರ ಒಡೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರ ಮೈಯಲ್ಲೂ ಬಾಂಧವ್ಯ ಬೆಸೆಯುವ ಆಕ್ಸಿಟೋಸಿನ್ ಹಾರ್ಮೋನು ಏರುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಇರಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ನೀವು ಬರೆದ ಐದೂವರೆ ಗಂಟೆ. ಅವರನ್ನು ಎಬ್ಬಿಸಿದ್ದು ಮರಿಯ ಮುದ್ದಲ್ಲ, ಅದಕ್ಕೆ ಹಸಿವಾಗುತ್ತದೆ ಎಂಬುದು. ಹಾಗಾಗಿ 'ವಯಸ್ಸಾದವರು, ಪಾಪ' ಅಂತ ನೀವು ಅವರ ಕೈಯಿಂದ ತಟ್ಟೆ ಕಿತ್ತುಕೊಳ್ಳಬೇಡಿ. ಊಟ, ಓಡಾಟ, ಕಿವಿಯೊಳಗೂ ಬೆರಳಸಂದಿಯಲ್ಲೂ ಉಣ್ಣೆಹುಳ ಹುಡುಕುವುದು ಅವರ ಪಾಲಿಗಿರಲಿ. ಮರಿಯನ್ನು ಎಲ್ಲೋ ಬಿಟ್ಟು ಬಂದರೆ ಅವರು ಮತ್ತೆ ಜಗಲಿ ಹಿಡಿಯುತ್ತಾರೆ ಅನ್ನುವುದನ್ನು ಯಜಮಾನರಿಗೆ ನೀವೇ, ಒಬ್ಬರೇ ಇದ್ದಾಗ ಹೇಳಿ.

ಒಂದು ಮಾತನ್ನು ಮಾತ್ರ ಈಗಲೇ ತೀರ್ಮಾನಿಸಿಕೊಳ್ಳಿ. ನಾಯಿ ಹನ್ನೆರಡು-ಹದಿಮೂರು ವರ್ಷ ಬದುಕುತ್ತದೆ. ಮಾವನವರು ಮಗಳ ಮನೆಗೆ ಹೋದಾಗ, ಹುಷಾರು ತಪ್ಪಿದಾಗ ತಟ್ಟೆ ಹಿಡಿಯುವವರು ಯಾರು? ನೀವಾದರೆ, ಆ ಮಾತನ್ನೂ ಲಸಿಕೆ ಕಾರ್ಡು ಕೊಡುವ ದಿನವೇ ಯಜಮಾನರೆದುರು ಹೇಳಿಬಿಡಿ.