ಆಪ್ತಸಲಹೆ ಪ್ರಕರಣ: 210 ರೂಪಾಯಿ ಕಡಿಮೆ ಬಿದ್ದ ಕಂತು

(ಗುರುತು ಸಿಗದಂತೆ ಉದ್ಯೋಗ, ದಿನಾಂಕ, ಮೊತ್ತಗಳನ್ನು ಬದಲಿಸಿದೆ.)

ದಂಪತಿ ತಂದಿದ್ದು ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಹನ್ನೊಂದು ಲಕೋಟೆ, ಒಡೆದದ್ದು ಎರಡೇ. ಗಂಡ ಬಾಡಿಗೆಗೆ ಗೂಡ್ಸ್ ಆಟೊ ಓಡಿಸುತ್ತಾರೆ, ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಇಬ್ಬರದೂ ಸೇರಿ ತಿಂಗಳಿಗೆ ಸುಮಾರು 24,500 ರೂಪಾಯಿ. ಮನೆಯ ಮೇಲೆ ಬ್ಯಾಂಕಿನ 9 ಲಕ್ಷ ಸಾಲ, 15 ವರ್ಷದ ಅವಧಿ, ಕಂತು 10,230. ಐದು ವರ್ಷ ಒಂದು ಕಂತೂ ತಪ್ಪಿರಲಿಲ್ಲ. ಇದರ ಜೊತೆಗೆ ವಾರಕ್ಕೆ 900ರ ಸಂಘದ ಸಾಲ, ತಿಂಗಳಿಗೆ 2,400ರ ಇನ್ನೊಂದು ಸಂಘದ ಸಾಲ, ಫ್ರಿಜ್ಜಿನ ಕಂತು 1,890, ದಿನಸಿ ಅಂಗಡಿಯಲ್ಲಿ 6,000 ಬಾಕಿ.

ಎಲ್ಲಿ ಎಡವಿದರು ಎಂಬುದು ಪಾಸ್‌ಬುಕ್ಕಿನ ನಾಲ್ಕು ಸಾಲಿನಲ್ಲೇ ಇತ್ತು. ಜುಲೈ 2ರಂದು ಖಾತೆಯಲ್ಲಿ 310 ರೂಪಾಯಿ. ಅಂದು ಫ್ರಿಜ್ಜಿನ ಆಟೊ ಡೆಬಿಟ್ (ಖಾತೆಯಿಂದ ತಾನಾಗಿ ಕಡಿತವಾಗುವ ಕಂತು) ಬಂದು, ಹಣ ಸಾಲದೆ ವಾಪಸ್ ಹೋಯಿತು. 4ನೇ ತಾರೀಕು ಗಂಡ ಮನೆ ಕಂತಿಗೆಂದು 10,300 ಕಟ್ಟಿದರು. ಬ್ಯಾಂಕು ಮೊದಲು ಬೌನ್ಸ್ ಶುಲ್ಕ 500, ಜಿಎಸ್‌ಟಿ 90, ಒಟ್ಟು 590 ಹಿಡಿಯಿತು. ಉಳಿದದ್ದು 10,020. ಮರುದಿನ ಮನೆ ಕಂತು 210 ರೂಪಾಯಿ ಸಾಲದೆ ವಾಪಸಾಯಿತು, ಮತ್ತೆ 590 ಹೋಯಿತು. ಖಾತೆಯಲ್ಲಿ ಮಿಕ್ಕ ಹಣವನ್ನು ತೆಗೆದು ಸಂಘಕ್ಕೂ ಅಂಗಡಿಗೂ ಕೊಟ್ಟರು. ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಇದೇ ಆಯಿತು.

"ಬ್ಯಾಂಕಿನವ್ರು ಫೋನ್ ಮಾಡಿ ಸುಮ್ಮನಾಗ್ತಿದ್ರು ಮೇಡಂ, ಸಂಘದವ್ರು ಮನೆ ಮುಂದೆ ಬಂದು ಕೂರ್ತಿದ್ರು" ಎಂದರು ಹೆಂಡತಿ. ಇಂಥ ಬಹುತೇಕ ಪ್ರಕರಣಗಳ ಬೇರು ಇದೇ. ಬಾಗಿಲಲ್ಲಿ ಬಂದು ಕೂರುವ ಸಾಲಕ್ಕೆ ಮನೆಯ ಮೇಲೆ ಹಕ್ಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಸಂಘದ ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸ್ ಸಾಲಕ್ಕೆ, ಯಾವ ಅಡಮಾನವನ್ನೂ ಪಡೆಯುವಂತಿಲ್ಲ. ಹಕ್ಕಿರುವ ಸಾಲ ಮಾತ್ರ ಗದ್ದಲವಿಲ್ಲದೆ ಕಾಗದದಲ್ಲೇ ಮುಂದೆ ಸಾಗುತ್ತದೆ.

ಅತ್ಯಂತ ಹಳೆಯ ಬಾಕಿ ಕಂತು 90 ದಿನ ಮೀರಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಜುಲೈ 5ರ ಕಂತು ಅಕ್ಟೋಬರ್ ಮೊದಲ ವಾರದಲ್ಲಿ ಆ ಗೆರೆ ದಾಟಿತು. ಅಕ್ಟೋಬರ್ 28ಕ್ಕೆ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) 13(2) ನೋಟಿಸ್ ಕೈಸೇರಿತು. ಅದು ಕೇಳಿದ್ದು ತಪ್ಪಿದ ಕಂತುಗಳನ್ನಲ್ಲ, ಉಳಿದ ಸಾಲ ಪೂರ್ತಿ, ಸುಮಾರು ಏಳೂವರೆ ಲಕ್ಷ, 60 ದಿನದೊಳಗೆ. ಇವರು ನಮ್ಮಲ್ಲಿಗೆ ಬಂದದ್ದು 38ನೇ ದಿನ.

ಲೆಕ್ಕಕ್ಕೆ ಕೂರುವ ಮೊದಲು ಇನ್ನೊಂದು ವಿಷಯವಿತ್ತು. "ನಾನಿಲ್ದಿದ್ರೆ ಇನ್ಶೂರೆನ್ಸ್ ದುಡ್ಡಾದ್ರೂ ಬರುತ್ತೆ" ಎಂದು ಗಂಡ ನಡುವೆ ಒಮ್ಮೆ ಅಂದರು. ಇಂಥ ಮಾತನ್ನು ಕೇಳಿಸದಂತೆ ದಾಟಿಸಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ಅವರೊಬ್ಬರನ್ನೇ ಕೂರಿಸಿ ನೇರವಾಗಿ ಕೇಳಿದೆವು. ಬಂದಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸಿ, ಅವರ ಒಪ್ಪಿಗೆ ಪಡೆದು ಹೆಂಡತಿಗೂ ತಿಳಿಸಿ, ಆಮೇಲೆ ಕಾಗದ ಬಿಡಿಸಿದೆವು.

ಮೊದಲ ಕೆಲಸ, ಬ್ಯಾಂಕಿನಿಂದ ಸಾಲದ ಖಾತೆಯ ಪೂರ್ತಿ ವಿವರಪಟ್ಟಿ. ತಪ್ಪಿದ ಕಂತಿಗೆ ದಂಡ ಶುಲ್ಕ ಹಾಕಬಹುದು, ಆದರೆ 2024ರಿಂದ ಆ ದಂಡದ ಮೇಲೆ ಮತ್ತೆ ಬಡ್ಡಿ ಸೇರಿಸುವಂತಿಲ್ಲ; ಅದನ್ನು ಸಾಲು ಸಾಲಾಗಿ ನೋಡಬೇಕು. ಇವರದ್ದು ಡಿಸೆಂಬರ್ 5ರವರೆಗಿನ ಆರು ಕಂತು 61,380, ಶುಲ್ಕ 4,600, ಒಟ್ಟು 65,980.

ಗಂಡ ಎರಡು ಕಂತು ಈಗ, ಉಳಿದದ್ದು ಸಂಕ್ರಾಂತಿ ಕಳೆದ ಮೇಲೆ ಎಂದು ಯೋಚಿಸಿದ್ದರು. ಬೇಡ ಎಂದೆವು. ಒಮ್ಮೆ ಎನ್‌ಪಿಎ ಆದ ಸಾಲ ಮೊದಲಿನ ಸ್ಥಿತಿಗೆ ಬರುವುದು ಬಾಕಿ ಕಂತು, ಬಡ್ಡಿ ಎಲ್ಲವೂ ಸಂದಾಯವಾದಾಗ ಮಾತ್ರ. ಎರಡು ಕಂತು ಕಟ್ಟಿದರೆ ಹಣ ಹೋಗುತ್ತದೆ, ಹಣೆಪಟ್ಟಿ ಹೋಗುವುದಿಲ್ಲ. ಚಿನ್ನದ ಬಳೆಗಳನ್ನು ಅಡವಿಡುವ ಬದಲು ಎರಡನ್ನು ಮಾರಿಬಿಡಿ ಎಂದೆವು. ಕಷ್ಟದ ಮಾತೇ, ಆದರೆ ಅಡವಿಟ್ಟರೆ ಇನ್ನೊಂದು ಬಡ್ಡಿ, ಇನ್ನೊಂದು ಗಡುವು. ಹಣವನ್ನು ಉಳಿತಾಯ ಖಾತೆಗೆ ಹಾಕಬಾರದು, ಅಲ್ಲಿ ಬಾಕಿ ಶುಲ್ಕಗಳೂ ಬೇರೆ ಆಟೊ ಡೆಬಿಟ್‌ಗಳೂ ಕಾದಿರುತ್ತವೆ. ನೇರ ಸಾಲದ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು, ಮನೆ ಸಾಲದ ಬಾಕಿಗೆ ಎಂದು ಪತ್ರವನ್ನೂ ಕೊಡಬೇಕು. ಕಟ್ಟಿದ ಹಣ ಯಾವ ಸಾಲಕ್ಕೆ ಎಂದು ಹೇಳುವ ಹಕ್ಕನ್ನು ಕರಾರು ಕಾಯ್ದೆಯ 59ನೇ ಕಲಂ ಸಾಲಗಾರನಿಗೆ ಕೊಟ್ಟಿದೆ. ವಸೂಲಿಗೆ ಬಂದವರ ಸ್ವಂತ ಫೋನ್‌ಪೇ ನಂಬರಿಗಂತೂ ಹಾಕಲೇಬಾರದು.

ಜೊತೆಗೆ ನೋಟಿಸ್‌ಗೆ ಲಿಖಿತ ಉತ್ತರ. ಸರ್ಫೇಸಿ ಕಾಯ್ದೆಯ 13(3ಎ) ಪ್ರಕಾರ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ 15 ದಿನದೊಳಗೆ ಕಾರಣ ತಿಳಿಸಬೇಕು. ಉತ್ತರದಲ್ಲಿ ಕಟ್ಟಿದ ಮೊತ್ತ, ತಾರೀಕು, ಪಾಸ್‌ಬುಕ್ಕಿನ ಆ ಪುಟದ ಪ್ರತಿ, ಮತ್ತು ಎರಡು ಬೇಡಿಕೆ: ನೋಟಿಸ್ ಹಿಂಪಡೆದು ಬರಹದಲ್ಲಿ ತಿಳಿಸಿ, ಕಂತಿನ ದಿನವನ್ನು 5ರಿಂದ 12ಕ್ಕೆ ಬದಲಿಸಿ. ಗಾರ್ಮೆಂಟ್ಸ್ ಸಂಬಳ ಬರುವುದೇ 7ರಿಂದ 10ರೊಳಗೆ. 5ನೇ ತಾರೀಕು ಮೊದಲಿಂದಲೂ ಇವರಿಗೆ ಹೊಂದದ ದಿನ. ಹಿಂಪಡೆದ ಪತ್ರ ಏಕೆ ಬೇಕೆಂದರೆ, ನೋಟಿಸ್ ಕೇಳಿರುವುದು ಪೂರ್ತಿ ಸಾಲ. ಬಾಕಿ ಕಂತು ಕಟ್ಟಿದ ಮಾತ್ರಕ್ಕೆ ಅದು ತಾನಾಗಿ ಬಿದ್ದುಹೋಗುವುದಿಲ್ಲ.

ಫ್ರಿಜ್ಜಿನ ಆಟೊ ಡೆಬಿಟ್ ರದ್ದು ಮಾಡಿಸಿ, ಆ ಸಂಸ್ಥೆಗೆ ತಿಳಿಸಿ, ಕಂತನ್ನು ಕೈಯಾರೆ ಕಟ್ಟಲು ಹೇಳಿದೆವು. ಸಂಘದವರ ಬಳಿ ಹೇಳಬೇಕಾದದ್ದು ಬೇರೆ: ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ಆದಾಯದ ಶೇ. 50 ಮೀರುವಂತೆ ಅವರು ಸಾಲ ಕೊಡುವಂತೆಯೇ ಇರಲಿಲ್ಲ. ಇವರ ಮಿತಿ 12,250. ಮನೆ ಕಂತಿಗೆ ಎರಡು ಸಂಘದ ಕಂತು (ವಾರದ್ದನ್ನು ನಾಲ್ಕು ವಾರಕ್ಕೆ ಲೆಕ್ಕ ಹಾಕಿ) ಸೇರಿಸಿದರೇ 16,230. ಇದನ್ನು ಬರೆದು ಎರಡನೇ ಸಂಘಕ್ಕೆ ಕಂತಿನ ಮರುಹೊಂದಾಣಿಕೆ ಕೇಳಬೇಕು. 30 ದಿನ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

60 ದಿನ ದಾಟಿದ್ದರೆ? ಬ್ಯಾಂಕು ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ ಪತ್ರಿಕೆಗಳಲ್ಲೂ ಹಾಕುತ್ತದೆ. ಅಲ್ಲಿಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಹಲವರು ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ ಈ 45 ದಿನ ಕಳೆದುಕೊಳ್ಳುತ್ತಾರೆ; ಆ ಕೋರ್ಟಿಗೆ ಈ ಅಧಿಕಾರವಿಲ್ಲ. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಪೂರ್ತಿ ಹಣ ತಂದರೂ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ. ತಾವೇ ಮಾರಿ ಸಾಲ ತೀರಿಸುವುದಾದರೂ 13(2) ನೋಟಿಸಿನ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಮಹಿಳೆಯರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ, ಸಹಾಯವಾಣಿ 15100. ಇಲ್ಲಿ ಹೆಂಡತಿ ಸಹಸಾಲಗಾರ್ತಿ, ಅವರ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು.

ಡಿಸೆಂಬರ್ 19ಕ್ಕೆ 65,980 ಕಟ್ಟಿ, ಉತ್ತರವನ್ನು ಶಾಖೆಯಲ್ಲಿ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡರು. ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ಜನವರಿ ಮೊದಲ ವಾರ ನೋಟಿಸ್ ಹಿಂಪಡೆದ ಪತ್ರ ಬಂತು, ಕಂತಿನ ದಿನವೂ 12 ಆಯಿತು. ಎರಡನೇ ಸಂಘದ ಉತ್ತರ ಇನ್ನೂ ಬಂದಿಲ್ಲ. ಈಗ ಲಕೋಟೆ ಬಂದ ದಿನವೇ ಹೆಂಡತಿ ಅದರ ಮೇಲೆ ತಾರೀಕು ಬರೆದು ಒಡೆಯುತ್ತಾರೆ.